ಭಾವನ ಐದನೇ ಭಾಗ

ಮೈಕ್ ಹಿಡಿದು ಮಾತನಾಡುವ ವಿಷಯದಲ್ಲಿ ಮಣ್ಣಗುಡ್ಡದ ಆಸುಪಾಸಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದವನು. ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವ, ಯುವಕ ಮಂಡಲದ ಬಹುಮಾನ ವಿತರಣೆ, ಷಷ್ಟ್ಯಬ್ದಿ, ಯಾವುದೇ ಇರಲಿ, ನಿರೂಪಣೆ ನನ್ನದೇ. ಒಮ್ಮೆ ಒಬ್ಬರ ಉತ್ತರಕ್ರಿಯೆಯ ನುಡಿನಮನ ನಡೆಸಿಕೊಡುವಾಗ, ‘ಇಂತಹ ಕಾರ್ಯಕ್ರಮಗಳು ಈ ಮನೆಯಲ್ಲಿ ಮತ್ತೆ ಮತ್ತೆ ನಡೆಯುತ್ತಿರಲಿ’ ಎಂದು ಅಭ್ಯಾಸಬಲದಿಂದ ಹಾರೈಸಿದ್ದೊಂದನ್ನು ಬಿಟ್ಟರೆ ನನ್ನ ಹೆಸರಿಗೆ ಕಪ್ಪುಚುಕ್ಕೆ ಇರಲಿಲ್ಲ. ಹೊಟ್ಟೆಪಾಡಿಗೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕನಾಗಿದ್ದೇನೆ. ಬೋಟುಗಳಿಗೆ ಮಂಜುಗಡ್ಡೆ ಕೊಡುವುದು ಉದ್ಯೋಗ. ಮಾತು ನನ್ನ ಕಲೆ!

ಈ ಕಲೆಯಿಂದಲೇ ನಾನು ನನ್ನ ಭಾವನ ನಲವತ್ತು ವರ್ಷದ ಕನಸನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ಅದನ್ನು ಹೇಳಿಕೊಂಡು ನಗಿಸುವುದು ನನಗೆ ಸುಲಭ. ಆದರೆ ಒಬ್ಬನೇ ಇರುವಾಗ ನೆನಪಾದರೆ ನಗು ಬರುವುದಿಲ್ಲ.

ಭಾವ ಎಂದರೆ ಕೇಶವಣ್ಣ, ನನ್ನ ಹೆಂಡತಿ ಶಶಿಕಲಾಳ ಅಣ್ಣ. ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅವರ ಮನೆ. ಅವರ ತಂದೆಗೆ ದೋಣಿ ಇತ್ತು. ಮಗ ದೋಣಿ ಹತ್ತಲಿ ಎಂದು ತಂದೆಯ ಆಸೆ. ಮಗ ಹತ್ತಿದ್ದು ಕಡಲ ಬದಿಯ ಭಜನಾ ಮಂದಿರದ ಮೆಟ್ಟಿಲು. ಅಲ್ಲಿನ ಹಾರ್ಮೋನಿಯಂ ಮುಂದೆ ಕೂತವರು ಮತ್ತೆ ಏಳಲಿಲ್ಲ. ಏಕಾಹ ಭಜನೆ ಎಂದರೆ ಸೂರ್ಯ ಹುಟ್ಟುವಾಗ ಶುರುವಾಗಿ ಮರುದಿನ ಸೂರ್ಯ ಹುಟ್ಟುವವರೆಗೆ ಭಜನೆ ನಿಲ್ಲಬಾರದು. ಒಬ್ಬರು ದಣಿದು ಎದ್ದರೆ ಇನ್ನೊಬ್ಬರು ಕೂರಬೇಕು. ಭಾವ ಮಾತ್ರ ಎದ್ದು ಜಾಗ ಬಿಡುತ್ತಲೇ ಇರಲಿಲ್ಲವಂತೆ. ಚಹಾವನ್ನೂ ಬೇರೆಯವರು ಬಾಯಿಗೆ ಹಿಡಿಯಬೇಕಾಗಿತ್ತಂತೆ.

ಆಮೇಲೆ ಅವರ ಸ್ನೇಹಿತ ಆಲ್ಬನ್ ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕೆ ಸೇರಿದ. ಹಡಗಿನಲ್ಲಿ ಬರುವ ವಿದೇಶಿ ನಾವಿಕರಿಂದ ಕ್ಯಾಸೆಟ್ಟುಗಳನ್ನು ತರತೊಡಗಿದ. ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತ. ಗಿಟಾರಿಗಿಂತ ಕೀಬೋರ್ಡಿನದೇ ಕಾರುಬಾರು. ತಾಳ ನಾಲ್ಕಕ್ಕೆ ನಿಲ್ಲುವುದಿಲ್ಲ. ಏಳಕ್ಕೆ ಹೋಗುತ್ತದೆ, ಐದಕ್ಕೆ ಬರುತ್ತದೆ. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಒಂದೇ ಹಾಡು! ನಾನು ಒಮ್ಮೆ ಕೇಳಲು ಕೂತವನು ನಡುವೆ ಎದ್ದು ಸ್ನಾನ ಮಾಡಿ, ಊಟ ಮಾಡಿ ಬಂದೆ. ಹಾಡು ಇನ್ನೂ ಪೀಠಿಕೆಯಲ್ಲೇ ಇತ್ತು. ಆದರೆ ಭಾವ ಮೊದಲ ಸಲ ಅದನ್ನು ಕೇಳಿದಾಗ ಕಣ್ಣರಳಿಸಿ ಆಲ್ಬನ್ನನಿಗೆ ಹೇಳಿದ್ದು ಇದು: “ಅರೆ, ಇವರೂ ನಮ್ಮ ಹಾಗೆ ಏಕಾಹದವರೇ ಅಲ್ವಾ ಮಾರಾಯ!”

ಹೀಗೆ ‘ಬ್ಲೂ ಟ್ರಾಲರ್ಸ್’ ಎಂಬ ಬ್ಯಾಂಡ್ ಹುಟ್ಟಿತು. ಕೀಬೋರ್ಡಿಗೆ ಭಾವ, ಡ್ರಮ್ಸಿಗೆ ಆಲ್ಬನ್, ಮತ್ತೆ ಇಬ್ಬರು. ಹುಟ್ಟಿದ್ದು ಮಾತ್ರ ಸತ್ಯ. ಬೆಳೆಯಲು ಯಾರೂ ಬಿಡಲಿಲ್ಲ. ಕಾಲೇಜು ಡೇಯಲ್ಲಿ ನುಡಿಸಲು ಹೋದರೆ ಪೀಠಿಕೆ ಮುಗಿಯುವ ಮೊದಲೇ ಪರದೆ ಇಳಿಸಿದರು. ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಬಂದು, ಗಿರಾಕಿಗಳಿಗೆ ಊಟ ಸೇರುವುದಿಲ್ಲ ಎಂದು ಪ್ಲಗ್ ತೆಗೆದರು. ಒಂದು ಉತ್ಸವದಲ್ಲಿ ಅವರು ಪ್ರಾಣ ಕೊಟ್ಟು ನುಡಿಸುತ್ತಿರುವಾಗ ಸಂಘಟಕರು ಮೈಕಿನಲ್ಲಿ, “ಮೈಕ್ ಟೆಸ್ಟಿಂಗ್ ಬೇಗ ಮುಗಿಸಿ, ಕಾರ್ಯಕ್ರಮ ಶುರು ಮಾಡ್ಲಿಕ್ಕುಂಟು” ಎಂದರಂತೆ. ಉಳಿದ ಇಬ್ಬರು ಒಂದೊಂದು ದಿಕ್ಕಿಗೆ ಹೋದರು. ಆಲ್ಬನ್ ಗಲ್ಫಿಗೆ ವಿಮಾನ ಹತ್ತಿದ. ಭಾವ ಮದುವೆ ಹಾಲ್‌ಗಳ ಆರ್ಕೆಸ್ಟ್ರಾ ಸೇರಿದರು.

ಅಲ್ಲಿ ಅವರು ನುಡಿಸದ ಸಿನಿಮಾ ಹಾಡಿಲ್ಲ. ತುಳು ನಾಟಕದಲ್ಲಿ ಭೂತ ಬರುವಾಗ ಬೆನ್ನುಹುರಿ ನಡುಗಿಸುವ ಸದ್ದು ಬರುತ್ತದಲ್ಲ, ಅದು ಅವರದೇ. ಮಧ್ಯೆ ಮಧ್ಯೆ ಒಂದು ಪ್ರೇಮಗೀತೆಯ ಪಲ್ಲವಿಗೂ ಚರಣಕ್ಕೂ ನಡುವೆ ಏಳರ ತಾಳದ ಒಂದು ತುಣುಕನ್ನು ಕಳ್ಳತನದಿಂದ ಸೇರಿಸಿಬಿಡುತ್ತಿದ್ದರು. ಕುಣಿಯುತ್ತಿದ್ದ ಮದುಮಗನ ಸ್ನೇಹಿತರು ಒಂದು ಕ್ಷಣ ಕಾಲು ತಪ್ಪಿ, ಮತ್ತೆ ಸರಿಯಾಗುತ್ತಿದ್ದರು. ಈಗಲೂ ಇಲ್ಲಿನ ಹುಡುಗರು ಆ ಹಾಡನ್ನು ಆ ತುಣುಕು ಸೇರಿಸಿಯೇ ನುಡಿಸುತ್ತಾರೆ. ಯಾರದೆಂದು ಕೇಳಿದರೆ, “ಅದು ಹಾಗೇ ಇರುವುದು” ಎನ್ನುತ್ತಾರೆ. ನನ್ನ ಭಾವನ ಕೀರ್ತಿ ಊರಿನಲ್ಲಿ ಉಳಿದಿರುವುದು ಅಷ್ಟೇ, ಅದೂ ಹೆಸರಿಲ್ಲದೆ.

ಆದರೆ ಅವರ ಒಳಗೆ ಒಂದು ದೊಡ್ಡ ಕೃತಿ ಬೆಳೆಯುತ್ತಲೇ ಇತ್ತು. ‘ಕಡಲು’ ಎಂದು ಹೆಸರು. ಐದು ಭಾಗ. ಬೋಟುಗಳು ಹೊರಡುವುದು ಒಂದು, ಬಲೆಗೆ ಮೀನು ಬೀಳುವುದು ಎರಡು, ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಏಲಂ ಆಗುವ ಗಲಾಟೆ ಮೂರು, ಗಾಳಿಮಳೆ ನಾಲ್ಕು. ಐದನೆಯದು ಏನೆಂದು ಅವರು ಆಲ್ಬನ್ನನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಬರೆದಿಡುವ ಅಭ್ಯಾಸವೂ ಅವರಿಗಿರಲಿಲ್ಲ. ಎಲ್ಲ ಕೈಯಲ್ಲೇ ಇತ್ತು. ಆ ಕೈಯೇ ಕೈಕೊಡತೊಡಗಿದಾಗ ಈ ಕಥೆ ಶುರುವಾಯಿತು.

ಒಂದು ಸಂಜೆ ಭಾವನ ಹೆಂಡತಿ ವಾರಿಜಕ್ಕ ನಮ್ಮಲ್ಲಿಗೆ ಬಂದು ಕಣ್ಣೊರೆಸಿಕೊಂಡರು.

“ಎಡಗೈ ಬೆರಳು ಜೋಮು ಹಿಡಿಯುವುದು ಶುರುವಾಗಿದೆ ಶಶಿ. ನರದ್ದಂತೆ. ನಿಧಾನಕ್ಕೆ ಹೋಗ್ತದೆ, ಮತ್ತೆ ಬರುವುದಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಇವರು ಬೇರೆ ಎಂತದೂ ಹೇಳುವುದಿಲ್ಲ. ಅದೊಂದನ್ನು ಪೂರ್ತಿ ಒಮ್ಮೆ ಜನರ ಎದುರು ನುಡಿಸ್ಬೇಕು ಅಂತ ಮಾತ್ರ ಹೇಳ್ತಾರೆ. ಶುರುವಿನಿಂದ ಕೊನೆಯವರೆಗೆ. ಯಾರೂ ನಡುವೆ ನಿಲ್ಲಿಸದ ಹಾಗೆ.”

ನಾನು ಎದ್ದು ನಿಂತೆ. ಇಂತಹ ಸಂದರ್ಭಗಳಲ್ಲಿ ಕೂತು ಮಾತನಾಡುವುದು ನನ್ನ ಪದ್ಧತಿಯಲ್ಲ.

“ಅಕ್ಕಾ, ಅದು ನನಗೆ ಬಿಡಿ. ನಡುವೆ ನಿಲ್ಲಿಸ್ಲಿಕ್ಕೆ ಬಂದವನನ್ನು ನಾನು ನೋಡಿಕೊಳ್ತೇನೆ!”

ಶಶಿಕಲಾ ನನ್ನನ್ನೇ ನೋಡಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು. “ನೀವು ಸಣ್ಣದಾಗಿ ಮಾಡಿ ಆಯ್ತಾ. ಅಣ್ಣ ನುಡಿಸುವುದು, ನಾವು ಕೇಳುವುದು. ಅಷ್ಟೇ ಸಾಕು” ಎಂದಳು.

ಅಷ್ಟೇ ಸಾಕಾಗಿದ್ದರೆ ನಾನು ಏತಕ್ಕೆ?

ಭಾವನಿಗೂ ಬೇಕಾಗಿದ್ದುದು ಒಂದು ಚಿಕ್ಕ ಕೋಣೆ, ಹತ್ತಿಪ್ಪತ್ತು ಜನ, ರಜೆಯಲ್ಲಿ ಊರಿಗೆ ಬರುತ್ತಿದ್ದ ಆಲ್ಬನ್. ನಾನು ಒಂದು ವಾರದೊಳಗೆ ಅದನ್ನು ‘ನಾದಸಾಗರ: ಅಭಿನಂದನಾ ಸಮಾರಂಭ’ವನ್ನಾಗಿ ಮಾಡಿದೆ. ಹಾಲ್ ಗೊತ್ತುಮಾಡಿದೆ. ಸಮಾರಂಭ ಎಂದ ಮೇಲೆ ಅಧ್ಯಕ್ಷರು ಬೇಡವೇ? ಐಸ್ ಪ್ಲಾಂಟಿನ ನನ್ನ ಧಣಿಗಳು ಒಪ್ಪಿದರು. ಅಧ್ಯಕ್ಷರಿದ್ದ ಮೇಲೆ ಉದ್ಘಾಟಕರು ಬೇಕು. ಉದ್ಘಾಟಕರನ್ನು ಕರೆದರೆ ಮುಖ್ಯ ಅತಿಥಿ ಬೇಕು. ಮುಖ್ಯ ಅತಿಥಿ ಒಬ್ಬರೇ ಇದ್ದರೆ ವೇದಿಕೆ ಬೋಳಾಗಿ ಕಾಣುತ್ತದೆ ಎಂದು ಇನ್ನೊಬ್ಬರನ್ನು ಸೇರಿಸಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಸನ್ಮಾನಪತ್ರ. ಊಟಕ್ಕೆ ಕೋಳಿ ಸಾರಿನ ಕೋರಿ ರೊಟ್ಟಿ ಮತ್ತು ಬಂಗುಡೆ ಮೀನಿನ ಪುಳಿಮುಂಚಿ. ಬ್ಯಾನರಿನಲ್ಲಿ ಗಣ್ಯರ ಫೋಟೋಗಳೆಲ್ಲ ಸೇರಿದ ಮೇಲೆ ಭಾವನ ಫೋಟೋಗೆ ಜಾಗ ಸ್ವಲ್ಪ ಕಡಿಮೆಯಾಯಿತು. ಪಾಸ್‌ಪೋರ್ಟ್ ಗಾತ್ರದ್ದು ಹಾಕಿ ಸುಧಾರಿಸಿದೆ.

ಬ್ಯಾನರ್ ನೋಡಿ ಭಾವ ನಕ್ಕರು. ಅವರ ನಗು ಯಾವಾಗಲೂ ಹಾಗೆ, ಸದ್ದು ಬರುವುದಿಲ್ಲ.

“ಇಷ್ಟೆಲ್ಲ ಎಂತಕ್ಕೆ ಭಾವ? ನುಡಿಸ್ಲಿಕ್ಕೆ ಸಮಯ ಸಿಕ್ಕಿದ್ರೆ ಸಾಕಿತ್ತು.”

“ನಿಮಗೆ ಬೇಕಾದಷ್ಟು ಸಮಯ ಉಂಟು ಭಾವ! ಉಳಿದದ್ದೆಲ್ಲ ಹತ್ತು ನಿಮಿಷದ ವಿಷಯ.”

“ಹಾಗಾದ್ರೆ ಒಂದು ಮಾತು ಕೇಳಿ. ನಾಲ್ಕನೇ ಭಾಗ ಮುಗಿದ ಕೂಡ್ಲೆ ಒಂದು...”

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಎರಡನೇ ಮುಖ್ಯ ಅತಿಥಿ. ಬ್ಯಾನರಿನಲ್ಲಿ ತನ್ನ ಫೋಟೋ ಮೊದಲನೇ ಮುಖ್ಯ ಅತಿಥಿಯ ಫೋಟೋಗಿಂತ ಚಿಕ್ಕದಾಗಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಅವರನ್ನು ಸಮಾಧಾನ ಮಾಡಿ ತಿರುಗಿ ನೋಡಿದಾಗ ಭಾವ ಇನ್ನೂ ನಿಂತೇ ಇದ್ದರು.

“ಎಂತದೋ ಹೇಳ್ತಾ ಇದ್ರಿ?”

“ನಾಲ್ಕನೇ ಭಾಗ ಆದ ಮೇಲೆ...”

“ಭಾವ, ನೀವು ನುಡಿಸುವುದು ಮಾತ್ರ ನೋಡಿಕೊಳ್ಳಿ. ವೇದಿಕೆ ನನಗೆ ಬಿಡಿ. ಇದು ನನ್ನ ಎಷ್ಟನೇ ಕಾರ್ಯಕ್ರಮ ಅಂತ ಗೊತ್ತುಂಟಾ?”

ಅವರು ನನ್ನ ಭುಜ ತಟ್ಟಿ ಹೋದರು. ಆ ಮಾತನ್ನು ಅಂದು ಕೇಳಿಸಿಕೊಂಡಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹಾಲ್ ತುಂಬಿತು. ಬಂದರಿನ ಕಡೆಯಿಂದ ಭಾವನ ನೆಂಟರು, ದಕ್ಕೆಯ ಬೋಟಿನವರು, ಅವರ ಹಳೆಯ ಶಿಷ್ಯರು. ಆಲ್ಬನ್ ಬಿಳಿ ಕೂದಲಿಗೆ ಎಣ್ಣೆ ಹಚ್ಚಿ, ಹೊಸ ಶರ್ಟು ಹಾಕಿ, ಡ್ರಮ್ಸಿನ ಹಿಂದೆ ಮೊದಲೇ ಬಂದು ಕೂತಿದ್ದ. ಕೂತವನು ಅಲ್ಲೇ ಕೂತಿರಬೇಕಾಯಿತು. ಏಕೆಂದರೆ ನನ್ನ ‘ಹತ್ತು ನಿಮಿಷ’ ಆಗ ತಾನೇ ಶುರುವಾಗಿತ್ತು.

ಪ್ರಾರ್ಥನೆ, ಸ್ವಾಗತ, ಗಣ್ಯರಿಗೆ ಹೂ, ದೀಪ ಬೆಳಗಿಸುವುದು. ಫ್ಯಾನಿನ ಗಾಳಿಗೆ ದೀಪ ಆರಿತು. ಪುನಃ ಬೆಳಗಿಸುವುದು. ಫೋಟೋ ಸರಿ ಬರಲಿಲ್ಲ ಎಂದು ವಿಡಿಯೋದವರು ಹೇಳಿದ್ದಕ್ಕೆ ಮತ್ತೊಮ್ಮೆ! ಮೊದಲನೇ ಮುಖ್ಯ ಅತಿಥಿಗಳಿಗೆ ನಾನು ‘ಪ್ರೋಗ್ರೆಸಿವ್’ ಎಂದಷ್ಟೇ ಹೇಳಿಕೊಟ್ಟಿದ್ದೆ. ಅವರು ಅದರಿಂದ ತಿಳಿಯಬೇಕಾದ್ದನ್ನು ತಿಳಿದುಕೊಂಡು, ನಮ್ಮ ಜಿಲ್ಲೆಗೆ ಕೇಶವರಂತಹ ಪ್ರಗತಿಪರ ಕೃಷಿಕರ ಅಗತ್ಯ ಎಷ್ಟಿದೆ ಎಂದು ದೀರ್ಘವಾಗಿ ಮಾತನಾಡಿದರು. ದೋಣಿ ಮನೆಯ ಭಾವ ತಲೆ ತಗ್ಗಿಸಿ ಕೇಳಿದರು. ಅವರು ಬೆಳೆದಿದ್ದ ಏಕೈಕ ಬೆಳೆ ಅಂಗಳದ ತುಳಸಿ.

ಆಮೇಲೆ ಸನ್ಮಾನ. ಶಾಲು ಹೊದಿಸಿದೆವು. ಪೇಟ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿ ಕೈಗೆ ಕೊಟ್ಟಾಗ ಭಾವನ ಎಡಗೈ ನಡುಗಿತು. ಬೀಳಬಾರದೆಂದು ನಾನೇ ಚುರುಕಾಗಿ ಅದನ್ನು ತೆಗೆದು, ಹತ್ತಿರದಲ್ಲಿ ಚಪ್ಪಟೆಯಾಗಿ ಕಂಡದ್ದರ ಮೇಲೆ ಇಟ್ಟೆ. ಅದು ಕೀಬೋರ್ಡ್. ಆನ್ ಆಗಿತ್ತು. ಅನಾನಸಿನ ಭಾರಕ್ಕೆ ಕೆಳಗಿನ ನಾಲ್ಕೈದು ಕೀಲಿಗಳು ಅಮುಕಿಹೋಗಿ, ‘ಹೂಂ’ ಎಂಬ ಗಂಭೀರ ನಾದ ಹೊರಟಿತು. ಆ ಹೊತ್ತಿಗೆ ಮಾತನಾಡಲು ಎದ್ದಿದ್ದ ಎರಡನೇ ಮುಖ್ಯ ಅತಿಥಿ, ಇದು ತನ್ನ ಭಾಷಣಕ್ಕೆಂದೇ ಏರ್ಪಡಿಸಿದ ಹಿನ್ನೆಲೆ ಸಂಗೀತ ಎಂದುಕೊಂಡರು! ಧ್ವನಿ ನಡುಗಿಸಿದರು. ಕೈ ಎತ್ತಿದರು. ತಮ್ಮ ಸ್ವರ್ಗಸ್ಥ ತಾಯಿಯನ್ನು ನೆನೆದು ಅತ್ತರು. ಸಭೆಯಲ್ಲೂ ಕೆಲವರು ಅತ್ತರು. ಬುಟ್ಟಿ ತೆಗೆದರೆ ಅವರಿಗೆ ಅವಮಾನ, ತೆಗೆಯದಿದ್ದರೆ ಭಾಷಣ ನಿಲ್ಲುವುದಿಲ್ಲ. ಕೊನೆಗೆ ಆಲ್ಬನ್ ಬಗ್ಗಿ ಬಂದು ಒಂದು ಬಾಳೆಹಣ್ಣು ತೆಗೆಯುವ ನೆಪದಲ್ಲಿ ಬುಟ್ಟಿಯನ್ನೇ ಎತ್ತಿದ. ನಾದ ನಿಂತಿತು. ಅವರ ದುಃಖವೂ ನಿಂತಿತು.

ಅಧ್ಯಕ್ಷ ಭಾಷಣವೂ ಮುಗಿದು ಭಾವ ಕೀಬೋರ್ಡಿನ ಮುಂದೆ ಕೂತಾಗ ಊಟದ ಹೊತ್ತು ಸಮೀಪಿಸಿತ್ತು. ಮಧ್ಯಾಹ್ನದ ಮೇಲೆ ಅದೇ ಹಾಲಿನಲ್ಲಿ ಬೇರೆಯವರ ನಿಶ್ಚಿತಾರ್ಥ. ಹೂವಿನ ಅಲಂಕಾರದವರು ಏಣಿ ಹಿಡಿದು ಬಾಗಿಲಲ್ಲಿ ನಿಂತಾಗಿತ್ತು. ಅಡುಗೆಯವರು ನನ್ನ ಕಿವಿಯಲ್ಲಿ, “ರೊಟ್ಟಿಗೆ ಸಾರು ಬಿಸಿ ಇರುವಾಗ್ಲೇ ಆಗ್ಬೇಕು, ಮತ್ತೆ ನಮ್ಮನ್ನು ಹೇಳಬೇಡಿ” ಎಂದು ಎಚ್ಚರಿಸಿ ಹೋದರು. ನಾನು ಬೆವರುತ್ತಿದ್ದೆ.

ಭಾವ ಪೇಟ ತೆಗೆದು ಪಕ್ಕಕ್ಕಿಟ್ಟರು. ನುಡಿಸತೊಡಗಿದರು.

ಸಂಗೀತದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ಮೊದಲ ಭಾಗದಲ್ಲಿ ಬೋಟಿನ ಇಂಜಿನ್ನುಗಳು ಒಂದೊಂದಾಗಿ ಎದ್ದದ್ದು ನನಗೂ ಕೇಳಿತು. ಮೂರನೇ ಭಾಗದಲ್ಲಿ ಏಲಂ ಕೂಗುವ ಗಲಾಟೆ ಬಂದಾಗ ಹಿಂದಿನ ಸಾಲಿನಲ್ಲಿದ್ದ ದಕ್ಕೆಯ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಭಾವನ ಎಡಗೈ ಒಮ್ಮೊಮ್ಮೆ ಹಿಂದೆ ಬೀಳುತ್ತಿತ್ತು. ಆಗೆಲ್ಲ ಆಲ್ಬನ್ ಡ್ರಮ್ಸನ್ನು ಸ್ವಲ್ಪ ತಡೆದು, ಅವರನ್ನು ಕಾದು, ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ನಾಲ್ಕನೇ ಭಾಗದಲ್ಲಿ ಗಾಳಿಮಳೆ ಎಷ್ಟು ಜೋರಾಯಿತೆಂದರೆ ಏಣಿಯವರು ಏಣಿ ಕೆಳಗಿಟ್ಟು ಒಳಗೆ ಬಂದರು. ಶಶಿಕಲಾ ಸೆರಗಿನ ತುದಿ ಬಾಯಿಗೆ ಹಿಡಿದಿದ್ದಳು. ನಾನು ಮದುವೆಯಾದಂದಿನಿಂದ ನೋಡುತ್ತಿದ್ದ, ಯಾರದೋ ಮದುವೆಯಲ್ಲಿ ಮೂಲೆಯಲ್ಲಿ ಕೂತು ಯಾರದೋ ಹಾಡು ನುಡಿಸುತ್ತಿದ್ದ ಭಾವ ಇವರೇ ಎಂದು ನಂಬುವುದು ಕಷ್ಟವಾಯಿತು.

ಗಾಳಿ ಇಳಿಯಿತು. ಮಳೆ ಇಳಿಯಿತು. ಒಂದೇ ಒಂದು ಸ್ವರ ಉಳಿದು, ತೆಳುವಾಗಿ, ಅದೂ ನಿಂತಿತು. ಭಾವ ಕೈಗಳನ್ನು ಮೇಲೆತ್ತಿ ಕಣ್ಣು ಮುಚ್ಚಿದರು. ಆಲ್ಬನ್ ಕೋಲುಗಳನ್ನು ಗಾಳಿಯಲ್ಲಿ ಹಿಡಿದು ಅಲ್ಲಾಡದೆ ಕೂತ. ಎಂತಹ ಮೌನ ಅದು! ಯಾವ ನಿರೂಪಕನಿಗೂ ಅಂತಹ ಮೌನ ಸಹಿಸಲು ಸಾಧ್ಯವಿಲ್ಲ. ವೇದಿಕೆಯ ಮೇಲೆ ಮೌನ ಬಿದ್ದರೆ ಯಾರೋ ಏನೋ ಮರೆತಿದ್ದಾರೆ ಎಂದೇ ಲೆಕ್ಕ. ಅಡುಗೆಮನೆಯಿಂದ ಪುಳಿಮುಂಚಿಯ ಪರಿಮಳ ಬಂತು.

ನಾನು ಮೈಕ್ ಹಿಡಿದು ವೇದಿಕೆಯ ಮಧ್ಯಕ್ಕೆ ನುಗ್ಗಿದೆ.

“ಅದ್ಭುತ! ಅಮೋಘ! ಜೋರಾದ ಚಪ್ಪಾಳೆ! ನಾದಸಾಗರದಲ್ಲಿ ನಮ್ಮೆಲ್ಲರನ್ನೂ ತೇಲಿಸಿದ ಕೇಶವಣ್ಣನವರಿಗೆ, ವೇದಿಕೆಯ ಗಣ್ಯರಿಗೆ, ಧ್ವನಿ ಬೆಳಕಿನವರಿಗೆ, ಶಾಮಿಯಾನದವರಿಗೆ ಧನ್ಯವಾದಗಳು! ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕಾಗಿ ವಿನಂತಿ!”

ಶಾಮಿಯಾನ ಹಾಕಿಯೇ ಇರಲಿಲ್ಲ. ಅದು ಬಾಯಿಪಾಠ.

ನಮ್ಮ ಊರಿನಲ್ಲಿ ಊಟ ಎಂಬ ಮಾತು ಮೈಕಿನಲ್ಲಿ ಬಂದ ಮೇಲೆ ಜನರನ್ನು ಹಿಡಿದು ನಿಲ್ಲಿಸಲು ದೇವರಿಂದಲೂ ಆಗುವುದಿಲ್ಲ. ಕುರ್ಚಿಗಳೆಲ್ಲ ಒಮ್ಮೆಲೇ ಕಿರುಗುಟ್ಟಿದವು. ಭಾವ ಕಣ್ಣು ತೆರೆದರು. ನನ್ನನ್ನು ನೋಡಿದರು, ಸಿಟ್ಟಿನಿಂದ ಅಲ್ಲ. ತನ್ನ ಸ್ಟಾಪಿನಲ್ಲಿ ನಿಲ್ಲದೆ ಹೋದ ಬಸ್ಸನ್ನು ನೋಡುವ ಹಾಗೆ ನೋಡಿದರು. ಎತ್ತಿದ ಕೈಗಳನ್ನು ಮಡಿಲಿಗೆ ಇಳಿಸಿದರು. ಆಮೇಲೆ ಎದ್ದು, ಬೆನ್ನು ತಿರುಗಿಸಿ ಹೋಗುತ್ತಿದ್ದ ಸಭೆಗೆ ಕೈಮುಗಿದರು.

ಆಲ್ಬನ್ನನ ಕೋಲುಗಳು ಮಾತ್ರ ಇನ್ನೂ ಗಾಳಿಯಲ್ಲೇ ಇದ್ದವು.

“ಎಂತ ಮಾರಾಯ ಮಾಡಿದ್ದು ನೀನು? ಇನ್ನೂ ಉಂಟಲ್ಲ!”

“ಎಂತ ಉಂಟು?”

“ಐದನೇದ್ದು! ಈಗ ನಿಲ್ಲಿಸಿದ್ದು ಬಂದ್ ತಿಂಗಳು ಮಾರಾಯ. ಮಳೆಗಾಲದಲ್ಲಿ ಬೋಟು ಬಿಡ್ಲಿಕ್ಕಿಲ್ಲ, ದಕ್ಕೆ ಇಡೀ ಸದ್ದಿಲ್ಲ. ಅದಕ್ಕೇ ಸುಮ್ಮನೆ ಕೂತದ್ದು. ಮತ್ತೆ ಸಮುದ್ರ ಪೂಜೆ ಆಗಿ ಬೋಟು ಇಳಿಯುವುದು ಐದನೇ ಭಾಗ. ಅದಕ್ಕೆ ಅಂತಲೇ ಉಳಿದ ನಾಲ್ಕು ಮಾಡಿದ್ದು ಅವ!”

ಭಾಗ ಐದು ಎಂಬ ಲೆಕ್ಕ ಊಟದ ಗಡಿಬಿಡಿಯಲ್ಲಿ ನನಗೆ ಮರೆತೇಹೋಗಿತ್ತು. ಬೇರೆ ಯಾರಿಗಾದರೂ ಆ ಮೌನ ಗೊತ್ತಾಗದೆ ಹೋಗಿದ್ದರೆ ಕ್ಷಮಿಸಬಹುದಿತ್ತು. ಮೀನುಗಾರಿಕೆ ಬಂದ್ ಆದಾಗ ಐಸ್ ಕೇಳುವವರಿಲ್ಲದೆ, ಮೆಷಿನುಗಳು ನಿಂತ ಖಾಲಿ ಕಾರ್ಖಾನೆಯಲ್ಲಿ ಪ್ರತಿವರ್ಷ ಒಬ್ಬನೇ ಕೂತು ಆ ಮೌನವನ್ನು ಕೇಳುವವನು ನಾನು!

ಆದರೂ ನಾನು ಸೋಲೊಪ್ಪುವವನಲ್ಲ. ಮೈಕಿನೊಂದಿಗೆ ಊಟದ ಹಾಲಿಗೆ ಓಡಿದೆ. “ಬಂಧುಗಳೇ, ಕಾರ್ಯಕ್ರಮ ಇನ್ನೂ ಮುಗಿದಿಲ್ಲ! ದಯವಿಟ್ಟು ಕೈತೊಳೆದು ಬನ್ನಿ!” ತಟ್ಟೆ ಹಿಡಿದ ಜನ ನನ್ನನ್ನು ಕರುಣೆಯಿಂದ ನೋಡಿದರು. ಇನ್ನೊಬ್ಬ ಅತಿಥಿ ಮಾತನಾಡಲಿಕ್ಕೆ ಬಂದಿದ್ದಾರೆ ಎಂದುಕೊಂಡು ಕೆಲವರು ಬೇಗ ಬೇಗ ಉಂಡು ಹಿಂಬಾಗಿಲಿನಿಂದ ಹೊರಟರು. ನಾನು ತಿರುಗಿ ಓಡಿದೆ. ಅಷ್ಟರಲ್ಲಿ ವೇದಿಕೆಯ ಮೇಲೆ ನಿಶ್ಚಿತಾರ್ಥದ ಜೋಡಿಯ ಹೆಸರು ಥರ್ಮೋಕೋಲಿನಲ್ಲಿ ಏರಿತ್ತು. ಅಲಂಕಾರದವರು ಕೀಬೋರ್ಡಿನ ಪ್ಲಗ್ ತೆಗೆದು ತಮ್ಮ ಸೀರಿಯಲ್ ಲೈಟಿಗೆ ಸಿಕ್ಕಿಸಿದ್ದರು.

“ಭಾವ, ಊಟದ ಹಾಲಿನಲ್ಲಿ ಒಂದು ಪ್ಲಗ್ ಉಂಟು. ಐಸ್‌ಕ್ರೀಮ್ ಕೌಂಟರಿನ ಹತ್ತಿರ. ಅಲ್ಲಿ ನುಡಿಸುವನಾ?”

“ಬೇಡ ಭಾವ. ಅದು ಅಲ್ಲಿಗೆ ಆಯ್ತು” ಎಂದು ಭಾವ ವೈರ್ ಸುತ್ತತೊಡಗಿದರು. ಎಡಗೈಯಿಂದ ಸುತ್ತಲು ಆಗದೆ ಬಲಗೈಯಿಂದ ಸುತ್ತುತ್ತಿದ್ದರು. “ನೀವು ಊಟ ಮಾಡಿದ್ರಾ? ಬೆಳಿಗ್ಗೆಯಿಂದ ಓಡಾಡ್ತಾ ಇದ್ದೀರಿ.”

ಬೈದಿದ್ದರೆ ಎಷ್ಟೋ ಸುಖವಿತ್ತು!

ವಿಡಿಯೋದಲ್ಲಾದರೂ ನಾಲ್ಕು ಭಾಗ ಉಳಿದಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಒಂದು ವಾರದ ಮೇಲೆ ಪೆನ್‌ಡ್ರೈವ್ ಬಂತು. ದೀಪ ಬೆಳಗಿಸುವುದು ಮೂರು ಸಲವೂ ಇತ್ತು. ಭಾಷಣಗಳು ಅಕ್ಷರ ಬಿಡದೆ ಇದ್ದವು. ಭಾವ ನುಡಿಸಲು ಕೂರುವವರೆಗೆ ಬಂದು, ಮುಂದೆ ಕೋರಿ ರೊಟ್ಟಿ. ಪುಳಿಮುಂಚಿ. ಬಡಿಸುವವರು. ಇನ್ನೊಮ್ಮೆ ಪುಳಿಮುಂಚಿ, ಹತ್ತಿರದಿಂದ. ವಿಡಿಯೋದವರಿಗೆ ಫೋನ್ ಮಾಡಿದೆ.

“ಸರ್, ಅವರು ಕೂತಲ್ಲೇ ಕೂತಿದ್ರಲ್ಲ. ಎಂತ ತೆಗಿಯುವುದು? ಅದಕ್ಕೆ ನಾನು ಊಟದ ಕವರೇಜಿಗೆ ಹೋದದ್ದು” ಎಂದರು. ನನ್ನ ವಂದನಾರ್ಪಣೆಯ ಹೊತ್ತಿಗೆ ಅವರು ಸರಿಯಾಗಿ ಹಿಂತಿರುಗಿದ್ದರು. ಅದು ಪೂರ್ತಿ ಬಂದಿತ್ತು, ಶಾಮಿಯಾನದ ಸಮೇತ.

ಊರಿನವರು ದಾರಿಯಲ್ಲಿ ಸಿಕ್ಕಿದಾಗಲೆಲ್ಲ ಹೊಗಳಿದರು. “ಕಾರ್ಯಕ್ರಮ ಲಾಯ್ಕಾಯ್ತು ಮಾರಾಯ್ರೆ. ಊಟ ಫಸ್ಟ್ ಕ್ಲಾಸ್. ನಿಮ್ಮ ಮಾತು ಕೂಡ.” ಮನೆಯಲ್ಲಿ ಶಶಿಕಲಾ ಉಪ್ಪು, ಹುಳಿ, ಕರೆಂಟು ಬಿಲ್ಲು ಎಲ್ಲದರ ಬಗ್ಗೆ ಮಾತನಾಡುತ್ತಿದ್ದಳು, ಅದೊಂದರ ಬಗ್ಗೆ ಬಿಟ್ಟು. ಆಲ್ಬನ್ ಗಲ್ಫಿಗೆ ಹಿಂತಿರುಗುವ ದಿನ ನನ್ನ ಕೈಹಿಡಿದು, “ನಿನಗೆ ಗೊತ್ತಿರ್ಲಿಲ್ಲ, ಬಿಡು” ಎಂದು ಹೇಳಿ ಹೋದ. ಗೊತ್ತುಮಾಡಿಸಲು ಭಾವ ಎರಡು ಸಲ ಬಾಯಿ ತೆರೆದಿದ್ದರು ಎಂದು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮಳೆ ಹಿಡಿಯಿತು. ಬೋಟುಗಳು ದಕ್ಕೆಯಲ್ಲಿ ಸಾಲಾಗಿ ನಿಂತವು. ಐಸ್ ಪ್ಲಾಂಟ್ ನಿಂತಿತು. ಖಾಲಿ ಕಾರ್ಖಾನೆಯಲ್ಲಿ ಕೂತಿರಲು ಆಗದೆ ಒಂದು ಮಧ್ಯಾಹ್ನ ಎದ್ದು ನೇರ ಭಾವನ ಮನೆಗೆ ಹೋದೆ.

“ಭಾವ, ನನಗೊಬ್ಬನಿಗಾದ್ರೂ ಅದನ್ನು ನುಡಿಸಿ. ಐದನೇ ಭಾಗ ಕೇಳದೆ ನನಗೆ ನಿದ್ದೆ ಬರುವುದಿಲ್ಲ. ನಾನು ತುಟಿ ಬಿಚ್ಚಿದ್ರೆ ಕೇಳಿ!”

ಭಾವ ಸದ್ದಿಲ್ಲದೆ ನಕ್ಕರು. ಎಡಗೈಯನ್ನು ಬಲಗೈಯಿಂದ ಉಜ್ಜಿಕೊಂಡರು. “ನೋಡುವ” ಎಂದು ಕೀಬೋರ್ಡಿನ ಬಟ್ಟೆ ಸರಿಸಿದರು. “ನಾಲ್ಕನೇದ್ದರಿಂದ ಶುರು ಮಾಡ್ತೇನೆ. ಅದು ಇಲ್ಲದೆ ಐದಕ್ಕೆ ಹೋಗ್ಲಿಕ್ಕೆ ಬರುವುದಿಲ್ಲ.”

ನಾನು ಫೋನ್ ಆಫ್ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತೆ. ಗಾಳಿಮಳೆ ಬಂತು. ಹಾಲಿನಲ್ಲಿ ಕೇಳಿದಷ್ಟು ಜೋರಿರಲಿಲ್ಲ. ಎಡಗೈಯ ಕಡೆಯದು ಅಲ್ಲಲ್ಲಿ ಬಿಟ್ಟುಹೋಗುತ್ತಿತ್ತು. ಆದರೂ ಬಂತು. ಇಳಿಯಿತು. ಒಂದು ಸ್ವರ ಉಳಿದು, ತೆಳುವಾಗಿ ನಿಂತಿತು. ಆ ಮೌನ ಬಂತು.

ಈ ಸಲ ನಾನು ಸಿದ್ಧನಿದ್ದೆ! ಬಾಯಿ ಬಿಗಿಯಾಗಿ ಮುಚ್ಚಿದೆ. ಸೊಳ್ಳೆ ಮೂಗಿನ ಮೇಲೆ ಕೂತಿತು, ಕೂರಲಿ ಎಂದು ಬಿಟ್ಟೆ. ಸೀನು ಬಂತು, ನುಂಗಿದೆ. ಮೌನ ಉದ್ದವಾಯಿತು. ಹಾಲಿನಲ್ಲಿ ಇಷ್ಟು ಉದ್ದ ಇರುತ್ತಿತ್ತೇನೋ, ನಾನು ಬಿಟ್ಟಿದ್ದರೆ ತಾನೆ ಗೊತ್ತಾಗುವುದು ಎಂದುಕೊಂಡೆ. ಭಾವ ತಲೆ ತಗ್ಗಿಸಿ ಕೀಲಿಗಳನ್ನೇ ನೋಡುತ್ತಿದ್ದರು. ಒಮ್ಮೆ ನನ್ನ ಕಡೆ ನೋಡಿದರು. ನಾನು ದೊಡ್ಡ ರಸಿಕನಂತೆ ಮೆಲ್ಲನೆ ತಲೆದೂಗಿ ಕಣ್ಣು ಮುಚ್ಚಿಕೊಂಡೆ. ಹೊರಗೆ ಮಳೆ ಸುರಿಯುತ್ತಿತ್ತು. ನನ್ನ ಬಗ್ಗೆ ನನಗೆ ಅಷ್ಟು ಹೆಮ್ಮೆ ಬಹಳ ದಿನಗಳಿಂದ ಆಗಿರಲಿಲ್ಲ.

ವಾರಿಜಕ್ಕ ಒಳಗಿನಿಂದ ಚಹಾ ತಂದರು. ನಮ್ಮಿಬ್ಬರನ್ನೂ ನೋಡಿದರು.

“ಎಂತ ಆಯ್ತು? ಇಬ್ಬರೂ ಎಂತಕ್ಕೆ ಹೀಗೆ ಕೂತದ್ದು?”

“ಕೈ ಏಳುವುದಿಲ್ಲ ವಾರಿಜ” ಎಂದರು ಭಾವ, ಬಹಳ ಮೆತ್ತಗೆ. “ಆಗಿನಿಂದ ನೋಡ್ತಾ ಇದ್ದೇನೆ. ಬೆರಳು ಮಾತು ಕೇಳುವುದೇ ಇಲ್ಲ. ಭಾವ ಎಂತಾದ್ರೂ ಒಂದು ಹೇಳಿಯಾರು, ಸಾಕು ಬಿಡಿ ಅಂತಾದ್ರೂ ಹೇಳಿಯಾರು ಅಂತ ಕಾದೆ.”

ನಾನು ಕಣ್ಣು ತೆರೆದೆ. ಭಾವನ ಎಡಗೈ ಕೀಲಿಗಳ ಮೇಲೆ ಅಂಗಾತ ಬಿದ್ದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ವಾರಿಜಕ್ಕನೂ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಾಗಿತ್ತು. ಸಮಾರಂಭಕ್ಕೆ ಸಾವಿರದಂತೆ ಮಾತು ಆಡಿದ ಬಾಯಿ ಇದು. ಕೊನೆಗೆ ನನ್ನಿಂದ ಹೊರಟದ್ದು ಇಷ್ಟು:

“ಚಾ ಲಾಯ್ಕುಂಟು ಅಕ್ಕ.”

ಲೋಟ ಇನ್ನೂ ಅವರ ಕೈಯಲ್ಲೇ ಇತ್ತು!